ಎರಡು ಸಲ ಬಡಿದರೆ ತಾಳು

ಹಸಿಂತೊ ಬೆನವಿದೆಸ್ ಮಾತಾಡಿದರೆ ಎದುರಿಗಿದ್ದವರು ಬಗ್ಗಿ ಕಿವಿ ಕೊಡಬೇಕು. ಪಾಲೊ ಸೆಕೊ ಊರಿನ ಮೇವಿನಂಗಡಿಯಲ್ಲಿ ಅವನು ಇಪ್ಪತ್ತು ಚೀಲ ಹಿಂಡಿ ಕೇಳಿದರೆ ಅಂಗಡಿಯವಳು ಎರಡು ಸಲ 'ಏನಂದ್ರಿ' ಅನ್ನುತ್ತಾಳೆ. ಚರ್ಚಿನಲ್ಲಿ ಎಲ್ಲರೂ ಎದ್ದುನಿಂತು ಹಾಡುವಾಗ ಅವನ ತುಟಿ ಆಡುತ್ತದೆ, ದನಿ ಬರುವುದಿಲ್ಲ. ಹೊಸಬರು ಪಾಪ, ಗಂಟಲಿಗೆ ಏನೋ ಆಗಿರಬೇಕು ಅಂದುಕೊಳ್ಳುತ್ತಾರೆ. ಗಂಟಲಿಗೆ ಏನೂ ಆಗಿಲ್ಲ. ಇಪ್ಪತ್ತೆರಡು ವರ್ಷ ಜಿಂಕೆಯ ಕೊಟ್ಟಿಗೆಯಲ್ಲಿ ದುಡಿದವನ ದನಿ ಅದು, ಅಷ್ಟೇ.

ಟೆಕ್ಸಸ್ಸಿನ ಈ ಕೆಳಭಾಗದಲ್ಲಿ ದನ ಸಾಕುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಎಂಟಡಿ ಎತ್ತರದ ಬೇಲಿ ಹಾಕಿಕೊಂಡು ಬಿಳಿಬಾಲದ ಜಿಂಕೆಗೆ ತಿರುಗಿಕೊಂಡ ಕಾಲದಲ್ಲಿ ಹಸಿಂತೊ ವೆಂಡೆಲ್ ಸ್ಟ್ರೌಡನ ರಾಂಚಿಗೆ, ಎಂದರೆ ಜಿಂಕೆ ಸಾಕುವ ಜಮೀನಿಗೆ, ಸೇರಿದ. ಜಾಲಿ, ಪಾಪಾಸುಕಳ್ಳಿ ಬಿಟ್ಟು ಇನ್ನೇನೂ ಬೆಳೆಯದ ನೆಲ. ಆ ನೆಲದ ಮೇಲೆ ಸ್ಟ್ರೌಡ್ ಧಣಿ ಕೊಂಬು ಬೆಳೆಸಿದ. ಒಳ್ಳೆಯ ತಳಿಯ ಗಂಡಿಗೆ ಒಳ್ಳೆಯ ತಳಿಯ ಹೆಣ್ಣು ಕೂಡಿಸಿ, ವರ್ಷ ವರ್ಷಕ್ಕೂ ಕೊಂಬಿನ ಕವಲು ಹೆಚ್ಚಿಸುತ್ತ ಹೋದ. ಅವನ ಗಂಡುಗಳನ್ನು ಇನ್ನೊಂದು ಬೇಲಿಯವರು ಕೊಳ್ಳುತ್ತಾರೆ. ಆ ಬೇಲಿಯೊಳಗೆ ಪಟ್ಟಣದ ಜನ ಬಂದು ಮಂಚಿಕೆಯ ಮೇಲೆ ಕೂತು ಅವಕ್ಕೆ ಗುಂಡು ಹೊಡೆಯುತ್ತಾರೆ, ತಲೆಯನ್ನು ಮನೆಯ ಗೋಡೆಗೆ ಹಾಕಿಕೊಳ್ಳುತ್ತಾರೆ. ಸರಿಯೋ ತಪ್ಪೋ ಎಂದು ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಅದರಿಂದ ಅನ್ನ ಹುಟ್ಟುತ್ತದೆ, ಉಣ್ಣುತ್ತಾರೆ.

ಜಿಂಕೆಯನ್ನು ಎಷ್ಟು ತಲೆಮಾರು ಬೇಲಿಯೊಳಗೆ ಸಾಕಿದರೂ ಅದು ದನವಾಗುವುದಿಲ್ಲ. ಕೈಯಿಂದ ತಿನ್ನುತ್ತದೆ, ಮರುಗಳಿಗೆ ಒಂದು ತಗಡು ಸದ್ದಾದರೆ ಗೋಡೆಗೆ ಹಾರಿ ಕತ್ತು ಮುರಿದುಕೊಳ್ಳುತ್ತದೆ. ಅಲ್ಲೇ ಸಾಯದಿದ್ದರೆ ಮೂರನೇ ದಿನ ಸಾಯುತ್ತದೆ. ಹೆದರಿಕೆ ಮೈಯ ಮಾಂಸಕ್ಕೆ ಇಳಿದು, ಕಾಲು ಸೆಟೆದು, ಎದ್ದು ನಿಲ್ಲಲಾರದೆ ಹೋಗುತ್ತದೆ. ಅದಕ್ಕೇ ಅವಕ್ಕೆ ಸೂಜಿ ಹಾಕಲು, ಕಿವಿಗೆ ಬಿಲ್ಲೆ ಚುಚ್ಚಲು, ಕೊಂಬು ಕೊಯ್ಯಲು ಬೇರೆಯೇ ಒಂದು ಕೊಟ್ಟಿಗೆ. ಒಳಗೆಲ್ಲ ಕಪ್ಪು ಬಳಿದ ಪ್ಲೈವುಡ್ ಗೋಡೆ. ಎರಡೂ ಬದಿ ಸಣ್ಣ ಸಣ್ಣ ಕತ್ತಲೆಗೂಡು. ಗೂಡುಗಳ ಬಾಗಿಲು ತೆರೆಯುವುದು ಒಂದು ನಡುಕೋಣೆಗೆ. ನಡುಕೋಣೆಯಿಂದ ಮುಂದಕ್ಕೆ ಹಗ್ಗ ಎಳೆದರೆ ಮೇಲೇಳುವ ಒಂದು ಬಾಗಿಲು, ಅದರಾಚೆ ಜಿಂಕೆಯನ್ನು ಎರಡೂ ಪಕ್ಕದಿಂದ ಮೆತ್ತಗೆ ಅದುಮಿ ಹಿಡಿಯುವ ಪೆಟ್ಟಿಗೆ. ಪೆಟ್ಟಿಗೆಯ ಹತ್ತಿರ ಒಂದು ಮಂಕು ಕೆಂಪು ಬಲ್ಬು ಉರಿಯುತ್ತದೆ. ಬಿಳಿ ದೀಪಕ್ಕೆ ಅವು ಬೆದರುತ್ತವೆ.

ಕೆಲಸಕ್ಕೆ ಸೇರಿದ ಮೂರನೇ ವರ್ಷ ಆ ಹಗ್ಗದ ಬಾಗಿಲು ಹಸಿಂತೊನ ಎಡಗೈ ಉಂಗುರದ ಬೆರಳ ಮೇಲೆ ಬಿತ್ತು. ಬೆರಳ ತುದಿ ಹೋಯಿತು. ಮನುಷ್ಯ ತಾನೇ, ಕೂಗಿಕೊಂಡ. ಒಂದೇ ಕೂಗು. ಕೊಟ್ಟಿಗೆಯ ಹಿಂದಿನ ದೊಡ್ಡ ಕೋಣೆಯಲ್ಲಿ ಕೂಡಿದ್ದ ಹೆಣ್ಣುಜಿಂಕೆಗಳು ಗೋಡೆಗೆ ಹಾರಿದವು. ಅವತ್ತು ಆರು ಸತ್ತವು, ವಾರದೊಳಗೆ ಇನ್ನೈದು. ಎಲ್ಲವೂ ಗಬ್ಬದ ಹೆಣ್ಣುಗಳು.

ಸ್ಟ್ರೌಡ್ ಬೈಯಲಿಲ್ಲ. ಆಸ್ಪತ್ರೆಯಿಂದ ಕೈಗೆ ಬಟ್ಟೆ ಸುತ್ತಿಕೊಂಡು ಬಂದವನನ್ನು ನೋಡಿ, "ಬೆರಳು ಹೋಗಿದ್ದು ನಿಂದು, ಹನ್ನೊಂದು ಹೋಗಿದ್ದು ನಂದು. ಇನ್ನೊಂದ್ಸಲ ಹಿಂಗಾಗೋದು ಬೇಡ ಹಸಿಂತೊ," ಎಂದ. ಬೈದಿದ್ದರೇ ಚೆನ್ನಾಗಿತ್ತು. ಆ ಮೆತ್ತನೆಯ ಮಾತು ಹಸಿಂತೊನ ಎದೆಯಲ್ಲಿ ಮುಳ್ಳಾಗಿ ಕೂತಿತು. ಅವತ್ತಿನಿಂದ ಕೊಟ್ಟಿಗೆಯಲ್ಲಿ ಬಾಯಿ ಬಿಡಕೂಡದು ಎಂಬ ಕಟ್ಟಳೆ ಅವನೇ ಮಾಡಿದ. ಕೆಮ್ಮು ಬಂದರೆ ಹೊರಗೆ ಹೋಗಬೇಕು. ಬೂಟಿಗೆ ಗೋಣಿ ಸುತ್ತಬೇಕು. ಒಬ್ಬರು ಪೆಟ್ಟಿಗೆಯ ಹತ್ತಿರ ಹಗ್ಗ ಹಿಡಿದು ನಿಲ್ಲಬೇಕು, ಇನ್ನೊಬ್ಬರು ನಡುಕೋಣೆಯಲ್ಲಿ ಅಗಲವಾದ ಹಲಗೆಯೊಂದನ್ನು ಮೈಗೆ ಅಡ್ಡ ಹಿಡಿದು ಗೂಡಿನಿಂದ ಜಿಂಕೆಯನ್ನು ಬಿಡಬೇಕು. ಮಾತಿಗೆ ಬದಲಾಗಿ ಗೆಣ್ಣಿನಿಂದ ಗೋಡೆ ಬಡಿಯುವುದು. ಜಿಂಕೆ ಬಾಗಿಲಿಗೆ ಬಂದಿದೆ, ಹಗ್ಗ ಎಳೆ ಎನ್ನಲು ಒಂದು ಸಲ. ಇನ್ನೂ ಇಲ್ಲ, ತಾಳು ಎನ್ನಲು ಎರಡು ಸಲ. ಬಡಿತ ಕೇಳದೆ ಹಗ್ಗ ಎಳೆಯುವಂತಿಲ್ಲ. ಇವೆರಡು ಬಿಟ್ಟು ಮೂರನೆಯ ಮಾತು ಆ ಕೊಟ್ಟಿಗೆಯಲ್ಲಿ ಬೇಕಾಗಬಹುದು ಎಂದು ಯಾರಿಗೂ ಹೊಳೆಯಲಿಲ್ಲ.

ಕಟ್ಟಳೆ ಫಲ ಕೊಟ್ಟಿತು. ಆಮೇಲೆ ಹತ್ತೊಂಬತ್ತು ವರ್ಷ ಆ ಕೊಟ್ಟಿಗೆಯಲ್ಲಿ ಒಂದು ಜಿಂಕೆಯೂ ಕತ್ತು ಮುರಿದುಕೊಳ್ಳಲಿಲ್ಲ. ಅಕ್ಕಪಕ್ಕದ ರಾಂಚಿನವರು ಬಂದು ನೋಡಿಕೊಂಡು ಹೋಗುತ್ತಿದ್ದರು. ಹಸಿಂತೊನಿಗೂ ಹೆಮ್ಮೆ ಇತ್ತು. ಇರಬಾರದು ಅನ್ನೋಣವೇ? ಓದು ಇಲ್ಲ, ಆಸ್ತಿ ಇಲ್ಲ, ಮದುವೆಯೂ ಆಗಲಿಲ್ಲ. ಬದುಕಿನಲ್ಲಿ ಅವನು ಸ್ವಂತವಾಗಿ ಮಾಡಿದ್ದೆಂದರೆ ಆ ಮೌನ ಒಂದೇ.

ತಮ್ಮ ರೊಹೆಲಿಯೊ ಅಣ್ಣನಿಗಿಂತ ಒಂಬತ್ತು ವರ್ಷ ಚಿಕ್ಕವನು. ಹತ್ತೊಂಬತ್ತು ತುಂಬಿದಾಗ ಅದೇ ರಾಂಚಿಗೆ ಬಂದ. ಅಣ್ಣ ಬಾವಿಯಾದರೆ ಇವನು ತಮಟೆ. ಟ್ರಕ್ಕಿನಲ್ಲಿ ಹೋಗುವಾಗ ಕಿಟಕಿ ಇಳಿಸಿ ಹಾಡುತ್ತಿದ್ದ. ಅರ್ಧ ಮೈಲಿ ಆಚೆಯಿಂದ ಸಿಳ್ಳೆ ಹಾಕಿ ಎಲ್ವಿರಾಳನ್ನು ಕರೆಯುತ್ತಿದ್ದ. ಅವಳು ಅವನಿಗೆ ಸೋತದ್ದೂ ಆ ಸಿಳ್ಳೆಗೇ ಎಂದು ಊರಿನವರೆಲ್ಲ ರೇಗಿಸುತ್ತಿದ್ದರು. ಅಂಥವನನ್ನು ಹಸಿಂತೊ ಮೂರು ತಿಂಗಳಲ್ಲಿ ಪಳಗಿಸಿದ. ಕೊಟ್ಟಿಗೆಯಲ್ಲಿ ತುಟಿ ಬಿಚ್ಚಿದಾಗಲೆಲ್ಲ ತೋಳಿನ ಒಳಮಗ್ಗುಲಿಗೆ ಚಿವುಟುತ್ತಿದ್ದ. ಆ ಮೂರು ತಿಂಗಳು ರೊಹೆಲಿಯೊನ ತೋಳು ನೀಲಿಗಟ್ಟಿಕೊಂಡೇ ಇತ್ತು.

"ಅಣ್ಣ, ನೀನು ಪೊಲೀಸಿಗೆ ಸೇರ್ಬೇಕಿತ್ತು," ಎಂದು ಅವನು ತೋಳು ಉಜ್ಜಿಕೊಳ್ಳುತ್ತಿದ್ದ.

"ಪೊಲೀಸ್ನೋರು ಬಾಯಿ ಬಿಡಿಸ್ತಾರೆ, ನಾನು ಮುಚ್ಚಿಸ್ತೀನಿ. ನಡಿ," ಎನ್ನುತ್ತಿದ್ದ ಹಸಿಂತೊ.

ಮದುವೆಯಾಗಿ ನಾಲ್ಕು ವರ್ಷಕ್ಕೆ ಎಲ್ವಿರಾ ಒಂದು ಭಾನುವಾರ ಭಾವನಿಗೆ ಬೀನ್ಸ್ ಬಡಿಸುತ್ತ ಹೇಳಿದಳು: "ಭಾವ, ನನ್ನ ಗಂಡನ್ನ ನನಗೆ ವಾಪಸ್ ಕೊಡ್ತೀರೋ ಇಲ್ವೋ? ಸಿಳ್ಳೆ ಹೊಡೆಯೋನ್ನ ಕಟ್ಕೊಂಡೆ ಅಂದ್ಕೊಂಡಿದ್ದೆ. ಈಗ ಮನೇಲಿ ಗೋಡೆ ಜೊತೆ ಸಂಸಾರ ಮಾಡ್ದಂಗಾಗಿದೆ."

"ಗೋಡೆ ತಿರುಗಿ ಬೈಯಲ್ಲ, ಪುಣ್ಯ ಮಾಡಿದೀಯ," ಎಂದ ರೊಹೆಲಿಯೊ, ಮೆಲ್ಲಗೆ. ಎಲ್ಲರೂ ನಕ್ಕರು.

ದೊಡ್ಡ ಮಗಳ ಹುಟ್ಟುಹಬ್ಬದ ದಿನ ತಮಾಲೆ ಕಡುಬು ಬೇಯುತ್ತಿದ್ದ ಹಂಡೆ ವಾಲಿ ಕುದಿಯುವ ನೀರು ರೊಹೆಲಿಯೊನ ಕಾಲಮೇಲೆ ಬಿತ್ತು. ಅವನು ಸದ್ದಿಲ್ಲದೆ ನೆಲದ ಮೇಲೆ ಕೂತು ಬೂಟು ಬಿಚ್ಚಿದ. ಬೂಟಿನ ಜೊತೆ ಚರ್ಮ ಬಂದಾಗಲೇ ಉಳಿದವರಿಗೆ ಗೊತ್ತಾದದ್ದು. ಯಾಕಯ್ಯಾ ಕೂಗಲಿಲ್ಲ ಎಂದರೆ, "ಮಕ್ಕಳು ಬೆದರ್ತಾವೆ ಅಂತ," ಎಂದ. ವರ್ಷಗಟ್ಟಲೆ ಆ ಕಥೆ ಹೇಳಿ ನಗುತ್ತಿದ್ದರು. ಹಸಿಂತೊ ನಗುತ್ತಿರಲಿಲ್ಲ, ಎದೆ ಉಬ್ಬಿಸಿಕೊಂಡು ಕೇಳುತ್ತಿದ್ದ. ನನ್ನ ತಮ್ಮ, ನಾನು ತಯಾರು ಮಾಡಿದ್ದು ಎಂಬ ಜಂಬ.

ಕೊಂಬು ಕೊಯ್ಯುವ ಕೆಲಸ ನಮ್ಮಲ್ಲಿ ಆಗಸ್ಟ್ ಕೊನೆಗೆ ಮುಗಿದಿರಬೇಕು. ಆಗ ಕೊಂಬಿನ ಮೇಲಿನ ತುಪ್ಪಳ ಒಣಗಿ ಸುಲಿಯುತ್ತಿರುತ್ತದೆ. ಗಂಡುಗಳ ಕುತ್ತಿಗೆ ಇನ್ನೂ ಊದಿರುವುದಿಲ್ಲ, ತಲೆ ಇನ್ನೂ ಕೆಟ್ಟಿರುವುದಿಲ್ಲ. ಕೊಯ್ದರೆ ಅವಕ್ಕೆ ನೋವಿಲ್ಲ, ಉಗುರು ತೆಗೆದ ಹಾಗೆ, ಮರುವರ್ಷ ಮತ್ತೆ ಬೆಳೆಯುತ್ತದೆ. ಕೊಯ್ಯದೆ ಬಿಟ್ಟರೆ ಬೆದೆಗಾಲಕ್ಕೆ ಒಂದನ್ನೊಂದು ತಿವಿದು ಕೊಲ್ಲುತ್ತವೆ. ಆ ವರ್ಷ ಕೊಳ್ಳುವವನೊಬ್ಬ ಕೊಂಬಿರುವಾಗಲೇ ಕಣ್ಣಾರೆ ನೋಡಬೇಕು ಎಂದನಂತೆ. ಅವನು ಬಂದು ಫೋಟೋ ಹಿಡಿದುಕೊಂಡು ಹೋಗುವವರೆಗೆ ಧಣಿ ಹದಿನೆಂಟು ದಿನ ತಡ ಮಾಡಿದ. ಗಂಡುಗಳು ಆಗಲೇ ಗಿಡಕ್ಕೆ ಕೊಂಬು ತಿಕ್ಕಿ ತಿಕ್ಕಿ ತುದಿ ಮಸೆದುಕೊಂಡಿದ್ದವು.

ಅವತ್ತು ಇಪ್ಪತ್ತಾರು ಗಂಡು ಗೂಡುಗಳಲ್ಲಿದ್ದವು. ಹಿಂದಿನ ದೊಡ್ಡ ಕೋಣೆಯಲ್ಲಿ ಸೂಜಿಗಾಗಿ ಕಾಯುತ್ತಿದ್ದ ನಲವತ್ತು ಹೆಣ್ಣು. ಹಸಿಂತೊ ಪೆಟ್ಟಿಗೆಯ ಹತ್ತಿರ ಗರಗಸ ಇಟ್ಟುಕೊಂಡು ಹಗ್ಗ ಹಿಡಿದು ನಿಂತಿದ್ದ. ರೊಹೆಲಿಯೊ ನಡುಕೋಣೆಯಲ್ಲಿದ್ದ. ಧಣಿ ಹೊರಗೆ ನೆರಳಿನಲ್ಲಿ ಕೂತು ಕೊಯ್ದ ಕೊಂಬುಗಳಿಗೆ ಚೀಟಿ ಕಟ್ಟುತ್ತಿದ್ದ. ಬೆಳಿಗ್ಗೆ ಹತ್ತರ ಹೊತ್ತಿಗೆ ಹದಿಮೂರು ಮುಗಿದಿದ್ದವು. ಹದಿನಾಲ್ಕನೆಯದು ಸೆನೆಟರ್. ರಾಂಚಿನ ದೊಡ್ಡ ಗಂಡು, ಐದು ವರ್ಷದ್ದು, ಧಣಿಯೇ ಇಟ್ಟ ಹೆಸರು.

ಗೂಡಿನ ಅಗುಳಿ ಸರಿದದ್ದು ಹಸಿಂತೊನಿಗೆ ಕೇಳಿಸಿತು. ಹಲಗೆ ಗೋಡೆಗೆ ತಾಗಿದ ಸದ್ದೂ ಕೇಳಿಸಿತು. ಅದು ದಿನಾ ತಾಗುತ್ತದೆ. ಆಮೇಲೆ ಎರಡು ಬಡಿತ.

ಸೆನೆಟರ್ ತಿರುಗಿ ನಿಂತಿರಬೇಕು ಎಂದುಕೊಂಡ. ಕಾದ. ಮತ್ತೆ ಎರಡು. ಇರಲಿ, ಅವಸರವೇನು, ಅದು ತಾನಾಗಿ ಬಾಗಿಲಿಗೆ ಬರಲಿ. ಮೂರನೇ ಸಲ ಎರಡು ಬಡಿದಾಗ ದನಿ ಇನ್ನೂ ಮೆತ್ತಗಿತ್ತು. ಈಗ ನೋಡು, ಎಷ್ಟು ಹಗುರವಾಗಿ ಬಡಿಯುತ್ತಾನೆ, ಎಂದು ಕತ್ತಲಲ್ಲಿ ನಕ್ಕ. ಹೌದು, ನಕ್ಕ. ಆ ನಗು ಆಮೇಲೆ ಅವನನ್ನು ತಿಂದು ಹಾಕಿತು. ನಾಲ್ಕನೇ ಸಲ ಎರಡು. ತುಂಬಾ ಹೊತ್ತಿನ ಮೇಲೆ ಐದನೇ ಸಲ ಎರಡು. ಆಮೇಲೆ ಏನೂ ಇಲ್ಲ. ಬಡಿತವಿಲ್ಲದೆ ಹಗ್ಗ ಎಳೆಯುವಂತಿಲ್ಲ. ಅವನು ಹಗ್ಗ ಹಿಡಿದು ನಿಂತೇ ಇದ್ದ.

ಬಾಗಿಲಿನ ಕೆಳಗಿಂದ ಏನೋ ಹರಿದು ಬಂತು. ಕೆಂಪು ಬೆಳಕಿನಲ್ಲಿ ಅದು ನೀರಿನ ಹಾಗೇ ಕಂಡಿತು. ಜಿಂಕೆ ಉಚ್ಚೆ ಹೊಯ್ದಿದೆ ಎಂದುಕೊಂಡ. ಅದು ಬೂಟಿಗೆ ಸುತ್ತಿದ ಗೋಣಿಗೆ ಇಳಿದು ಕಾಲಿಗೆ ಬೆಚ್ಚಗಾದಾಗ ಬಗ್ಗಿ ಬೆರಳಿಟ್ಟು ನೋಡಿದ. ಬೆರಳು ಅಂಟಿತು.

ಆಗಲೂ ಅವನು ಕೂಗಲಿಲ್ಲ. ಹಗ್ಗವನ್ನು ಮೆಲ್ಲಗೆ ಎಳೆದ. ಸೆನೆಟರ್ ತಾನಾಗಿ ಪೆಟ್ಟಿಗೆಯೊಳಕ್ಕೆ ನಡೆದು ಬಂತು, ಅವನು ಅದನ್ನು ಅದುಮಿ ನಿಲ್ಲಿಸಿದ. ನಡುಕೋಣೆಗೆ ಹೋದರೆ ರೊಹೆಲಿಯೊ ಗೋಡೆಗೆ ಒರಗಿ ಕೂತಿದ್ದ, ತೊಡೆಯ ಸಂದು ಹರಿದಿತ್ತು, ಒಂದು ಕೈ ಅಲ್ಲೇ ಒತ್ತಿಕೊಂಡಿತ್ತು. ಹಸಿಂತೊ ತಮ್ಮನನ್ನು ಎತ್ತಿಕೊಂಡು ಸದ್ದಾಗದ ಹಾಗೆ ಹೆಜ್ಜೆ ಇಡುತ್ತ ಕೊಟ್ಟಿಗೆಯ ಉದ್ದಕ್ಕೂ ನಡೆದು ಹೊರಗೆ ಬಂದ. ಬಿಸಿಲಿಗೆ ಬಂದ ಮೇಲೆ ಗೊತ್ತಾಯಿತು, ಜೀವ ಹೋಗಿದೆ. ಒಳಗೆ ಉಳಿದಿದ್ದ ಐವತ್ತಮೂರು ಜಿಂಕೆಗಳಲ್ಲಿ ಒಂದೂ ಬೆದರಿರಲಿಲ್ಲ.

ಧಣಿ ಅವತ್ತು ಸಂಜೆ ಅವನ ಭುಜದ ಮೇಲೆ ಕೈಯಿಟ್ಟು, "ಇನ್ನೊಬ್ಬನಾಗಿದ್ರೆ ಕಿರುಚಿ ಮಂದೆ ಎಲ್ಲ ಕಳೀತಿದ್ದ. ನೀನು ಗಾಬರಿ ಬೀಳಲಿಲ್ಲ," ಎಂದ. ಸಮಾಧಾನಕ್ಕೇ ಹೇಳಿದ್ದು, ಕೆಟ್ಟ ಮನಸ್ಸಿನಿಂದಲ್ಲ. ಆದರೆ ಇಂಥ ಮಾತಾಡುವ ಬಾಯಿಗೆ ಏನು ಹಾಕಬೇಕೋ ದೇವರೇ ಬಲ್ಲ.

ಶೆರೀಫನ ಕಡೆಯವನು ಬಂದು ಕೇಳಿದ: "ಕೂಗಿದ್ನಾ?"

"ಇಲ್ಲ. ಕೂಗಲಿಲ್ಲ," ಎಂದ ಹಸಿಂತೊ.

ಸುಳ್ಳಲ್ಲ ಅದು. ಎಲ್ವಿರಾಳಿಗೆ ಮಾತ್ರ ಸುಳ್ಳು ಹೇಳಿದ. "ಒಂದು ಕ್ಷಣ ಕಣಮ್ಮ. ಅವನಿಗೇ ಗೊತ್ತಾಗಿರಲ್ಲ. ಕೊಂಬು ಬಡಿದದ್ದೇ, ಹೋಗ್ಬಿಟ್ಟ."

ಅವಳು ಅಳುತ್ತಿರಲಿಲ್ಲ. ಹೆಣಕ್ಕೆ ಮದುವೆಯ ಅಂಗಿ ತಾನೇ ತೊಡಿಸುತ್ತೇನೆ ಎಂದು ಹಟ ಹಿಡಿದು ಒಳಗೆ ಹೋಗಿ, ಅರ್ಧ ಗಂಟೆಯ ಮೇಲೆ ಹೊರಗೆ ಬಂದಳು. "ಬಲಗೈ ಗೆಣ್ಣೆಲ್ಲ ಸುಲಿದಿದೆಯಲ್ಲ ಭಾವ," ಎಂದಳು.

"ಬಿದ್ದಾಗ ತರಚಿರ್ಬೇಕು."

"ಹೂಂ," ಎಂದಳು. ಮತ್ತೆ ಆ ಮಾತೆತ್ತಲಿಲ್ಲ.

ಮಣ್ಣು ಮಾಡಿ ಹದಿನೈದು ದಿನಕ್ಕೆ ಅವಳು ಧಣಿಯ ಮನೆ ಬಾಗಿಲಿಗೆ ಹೋಗಿ ಗಂಡನ ಕೆಲಸ ಕೇಳಿದಳು. ಇಬ್ಬರು ಹೆಣ್ಣುಮಕ್ಕಳು, ರಾಂಚಿನದೇ ಮನೆ. ಧಣಿ ಒಪ್ಪಿದ. ಎಲ್ಲರೂ ಹೊಟ್ಟೆಪಾಡಿಗೆ ಎಂದುಕೊಂಡರು. ಹಸಿಂತೊನೂ ಹಾಗೇ ಅಂದುಕೊಳ್ಳಲು ನೋಡಿದ, ಆಗಲಿಲ್ಲ. ಅವಳು ಕೆಲಸಕ್ಕೆ ಬಂದ ಮೊದಲ ಬೆಳಿಗ್ಗೆಯಿಂದ ಅವನಿಗೆ ಒಂದೇ ಭಯ: ಇವಳಿಗೆ ಆ ಬಡಿತಗಳ ವಿಷಯ ಗೊತ್ತಾಗಬಾರದು. ತಮ್ಮ ಅಷ್ಟು ಹೊತ್ತು ಬದುಕಿದ್ದ ಎಂದು, ಬದುಕಿದ್ದು ಬಡಿಯುತ್ತಿದ್ದ ಎಂದು, ತಾನು ಆಚೆ ಬದಿಗೆ ನಗುತ್ತ ನಿಂತಿದ್ದೆ ಎಂದು ಗೊತ್ತಾಗಬಾರದು. ಬಡಿದದ್ದನ್ನು ಕೇಳಿದವನು ಭೂಮಿಯ ಮೇಲೆ ಅವನೊಬ್ಬನೇ. ಅವನು ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಬಾಯಿ ಮುಚ್ಚಿಕೊಳ್ಳುವುದರಲ್ಲಿ ಅವನನ್ನು ಮೀರಿಸುವವರು ಯಾರಿದ್ದರು?

ಎಲ್ವಿರಾ ಕೆಲಸ ಕಲಿತಳು, ಗಂಡಸರು ನಾಚಬೇಕು ಹಾಗೆ ಕಲಿತಳು. ಚೀಲ ಹೊತ್ತಳು, ಬೇಲಿಯ ಸುತ್ತ ನಡೆದು ಹಂದಿ ಅಗೆದ ಕಂಡಿ ಮುಚ್ಚಿದಳು. ಜೂನಿನಲ್ಲಿ ಹೆಣ್ಣುಮರಿಗಳಿಗೆ ಬಾಟಲಿ ಹಾಲು ಕುಡಿಸಿದಳು. ಸೆನೆಟರ್ ಇರುವ ಒಂಬತ್ತನೇ ಬೇಲಿಗೂ ಅವಳೇ ಮೇವು ಹಾಕುತ್ತಿದ್ದಳು. ಧಣಿ ಅದನ್ನು ಕೊಲ್ಲಿಸಿರಲಿಲ್ಲ. ಅಂಥ ಗಂಡನ್ನು ಯಾರು ಕೊಲ್ಲಿಸುತ್ತಾರೆ? ಮೊದಲ ಸಲ ಅವಳು ಆ ಬೇಲಿಯ ಮುಂದೆ ನಿಂತದ್ದನ್ನು ಹಸಿಂತೊ ದೂರದಿಂದ ನೋಡಿದ. ಕೊಂಬಿಲ್ಲದ ತಲೆ ಬಗ್ಗಿಸಿ ಅದು ತಿನ್ನುತ್ತಿತ್ತು. ಅವಳು ತೊಟ್ಟಿ ತುಂಬಿಸಿ, ಅಂಚಿಗೆ ಬಿದ್ದ ಉಂಡೆಗಳನ್ನೂ ಗುಡಿಸಿ ಹಾಕಿದಳು.

"ನಿನಗೆ ಅದನ್ನ ನೋಡಿದ್ರೆ ಏನೂ ಅನ್ಸಲ್ವಾ?" ಎಂದು ಒಂದು ದಿನ ಕೇಳಿದ.

"ಅದೇನು ಮಾಡ್ತು ಭಾವ, ಅದು ಜಿಂಕೆ. ಅದಕ್ಕೆ ಮಾತು ಬರುತ್ತಾ?" ಎಂದಳು.

ಬಾಟಲಿ ತುಂಬುವ ನೆಪ ಮಾಡಿಕೊಂಡು ಅಲ್ಲಿಂದ ಹೋದ.

ಕೊಟ್ಟಿಗೆಗೆ ಮಾತ್ರ ಅವಳನ್ನು ಬಿಟ್ಟುಕೊಳ್ಳಲಿಲ್ಲ. ಚಳಿಗಾಲದ ಸೂಜಿಗೆ ಪಕ್ಕದ ರಾಂಚಿನಿಂದ ಒಬ್ಬನನ್ನು ಕರೆಸಿಕೊಂಡ, ಮಾರ್ಚಿನ ಬಿಲ್ಲೆ ಕೆಲಸಕ್ಕೆ ಧಣಿಯನ್ನೇ ನಡುಕೋಣೆಯಲ್ಲಿ ನಿಲ್ಲಿಸಿದ. ಆ ವರ್ಷವೇ ಹಸಿಂತೊ ಸೊರಗಿದ್ದು. ಬೆಲ್ಟಿಗೆ ಎರಡು ಹೊಸ ತೂತು ಹೊಡೆದ. ಮೇವಿನ ಟ್ರಕ್ಕಿನ ಬಾಗಿಲಿಗೆ ಯಾರಾದರೂ ಎರಡು ಸಲ ತಟ್ಟಿದರೆ ಬೆವರುತ್ತಿದ್ದ. ಪಾದ್ರಿಯ ಹತ್ತಿರ ಪಾಪ ಒಪ್ಪಿಸಲು ಹೋಗಿ, ಜಾಲರಿಯ ಮುಂದೆ ಮಂಡಿಯೂರಿ, ಕಟ್ಟಿಗೆಯ ಗೋಡೆ ಕಂಡದ್ದೇ ಎದ್ದು ಬಂದ.

ಆಗಸ್ಟ್ ಬಂತು. ಪಕ್ಕದ ರಾಂಚಿನವನಿಗೆ ಅವನ ಧಣಿ ರಜ ಕೊಡಲಿಲ್ಲ. ಸ್ಟ್ರೌಡನಿಗೆ ಮಂಡಿ ನೋವು, ನಡುಕೋಣೆಯಲ್ಲಿ ನಿಲ್ಲಲಾರ.

"ಎಲ್ವಿರಾ ಇದ್ದಾಳಲ್ಲ," ಎಂದ ಧಣಿ.

"ಅವಳು ಬೇಡ, ಧಣಿ."

"ಏನಂದೆ? ಕೇಳಿಸಲಿಲ್ಲ."

"ಅವಳು ಬೇಡ ಅಂದೆ."

"ಅವಳೇ ಬಂದು ಕೇಳಿದಾಳೆ ಕಣಯ್ಯ. ನನ್ನ ಗಂಡ ನಿಂತ ಜಾಗದಲ್ಲಿ ನಾನು ನಿಲ್ತೀನಿ ಅಂದ್ಳು. ಬೇಡ ಅನ್ನೋಕೆ ನಾನ್ಯಾರು?"

ಕೆಲಸದ ಹಿಂದಿನ ದಿನ ಹಸಿಂತೊ ಅವಳನ್ನು ಖಾಲಿ ಕೊಟ್ಟಿಗೆಗೆ ಕರೆದುಕೊಂಡು ಹೋದ. ಗೂಡಿನ ಅಗುಳಿ ಹೇಗೆ ಸರಿಸಬೇಕು, ಹಲಗೆ ಹೇಗೆ ಹಿಡಿಯಬೇಕು, ಬೆನ್ನು ಯಾವಾಗಲೂ ಗೋಡೆಗೇ ಇರಬೇಕು, ಎಲ್ಲ ತೋರಿಸಿದ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಮಾತಾಡೋ ಹಾಗಿಲ್ಲ. ಗೋಡೆ ಬಡೀಬೇಕು," ಎಂದ. ಮುಂದಿನದನ್ನು ಹೇಳಿದರೆ ಇವಳಿಗೆ ಎಲ್ಲ ಗೊತ್ತಾಗಿಬಿಡಬಹುದು. ಆದರೂ ಹೇಳಲೇಬೇಕು, ಹೇಳದಿದ್ದರೆ ನಾಳೆ ಇವಳೂ ಸಾಯುತ್ತಾಳೆ. "ಒಂದು ಸಲ ಬಡಿದ್ರೆ ಬಾಗಿಲು ಎತ್ತು ಅಂತ. ಎರಡು ಸಲ ಬಡಿದ್ರೆ ತಾಳು ಅಂತ. ಮೂರು ಸಲ ಬಡಿದ್ರೆ ಏಟಾಗಿದೆ, ಬಾ ಅಂತ. ಮೂರು ಕೇಳಿಸ್ತು ಅಂದ್ರೆ ನಾನು ಎಲ್ಲ ಬಿಟ್ಟು ಓಡಿ ಬರ್ತೀನಿ."

ಎಲ್ವಿರಾ ಬಲಗೈ ಗೆಣ್ಣಿನಿಂದ ಗೋಡೆ ಬಡಿದು ನೋಡಿದಳು. ಒಂದು. ಎರಡು. ಮೂರು. ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿತ್ತು. ಸೊಂಟದ ಎತ್ತರಕ್ಕೆ, ಕೂತವನ ಕೈಗೆ ಎಟುಕುವ ಕಡೆ, ಒಂದು ತಟ್ಟೆಯಷ್ಟಗಲ ಹೊಸ ಬಣ್ಣ ಬಳಿದದ್ದು ಕಾಣುತ್ತಿತ್ತು. ಅವಳು ಅಲ್ಲಿ ಬೆರಳಿಟ್ಟಳು.

"ಈ ಮೂರು ಯಾವಾಗಿಂದ ಇದೆ ಭಾವ?"

"ಈ ವರ್ಷದಿಂದ."

"ಹೋದ ವರ್ಷ?"

"ಎರಡೇ ಇದ್ದಿದ್ದು."

"ಹೂಂ," ಎಂದಳು. ಹಲಗೆಯನ್ನು ಗೋಡೆಗೆ ಒರಗಿಸಿ, ಸ್ಕರ್ಟಿನ ಧೂಳು ಕೊಡವಿಕೊಂಡು ಹೊರಗೆ ಹೋದಳು. ಅವಳು ಇನ್ನೇನೂ ಕೇಳಲಿಲ್ಲವಲ್ಲ ಎಂದು ಹಸಿಂತೊ ಒಂದು ಗಳಿಗೆ ಉಸಿರು ಬಿಟ್ಟ.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೇ ಶುರುವಾಯಿತು. ಧಣಿ ಹೊರಗೆ ಕುರ್ಚಿ ಹಾಕಿಕೊಂಡು ಚೀಟಿ ಕಟ್ಟಲು ಕೂತ. ಹಿಂದಿನ ಕೋಣೆಯಲ್ಲಿ ಹೆಣ್ಣುಗಳು ಕಾದಿದ್ದವು. ಎಲ್ವಿರಾ ಒಂದೊಂದಾಗಿ ಗಂಡುಗಳನ್ನು ಬಿಟ್ಟಳು. ಒಂದು ಬಡಿತ, ಹಗ್ಗ, ಪೆಟ್ಟಿಗೆ, ಗರಗಸ. ನಡುವೆ ಎರಡು ಸಲ 'ತಾಳು' ಎಂದು ಬಡಿದಳು. ಹಸಿಂತೊ ಬೆವರೊರೆಸಿಕೊಂಡು ತಾಳಿದ, ಸ್ವಲ್ಪ ಹೊತ್ತಿಗೆ ಒಂದು ಬಡಿತ ಬಂತು. ಒಳ್ಳೆಯ ಕೈ ಅವಳದು. ರೊಹೆಲಿಯೊನಿಗಿಂತ ಒಳ್ಳೆಯ ಕೈ ಅಂದುಕೊಂಡ, ಅಂದುಕೊಂಡದ್ದಕ್ಕೆ ತನ್ನನ್ನೇ ಶಪಿಸಿಕೊಂಡ.

ಹನ್ನೊಂದು ಮುಗಿದವು. ಮುಂದಿನ ಗೂಡು ಸೆನೆಟರದು.

ಅಗುಳಿಯ ಸದ್ದಿಗಾಗಿ ಕಿವಿಗೊಟ್ಟ. ಕೇಳಿಸಲಿಲ್ಲ. ಮೆಲ್ಲಗೆ ಸರಿಸಿರಬೇಕು. ಹಲಗೆ ಗೋಡೆಗೆ ತಾಗಿತು. ಆಮೇಲೆ ಎರಡು ಬಡಿತ.

ತಾಳು ಎಂದು. ಅವನೇ ಹೇಳಿಕೊಟ್ಟದ್ದು. ಏಟಾಗಿದ್ದರೆ ಮೂರು ಬಡಿಯುತ್ತಾಳೆ. ಅವನು ಹಗ್ಗ ಬಿಗಿಹಿಡಿದ. ಮೂರಲ್ಲ, ಎರಡು. ಕಣ್ಣು ಬಾಗಿಲ ಬುಡದಲ್ಲೇ ನೆಟ್ಟಿತ್ತು. ನೆಲ ಒಣಗಿತ್ತು. ಒಣಗೇ ಇದೆಯೇ? ಕೆಂಪು ಬೆಳಕಿನಲ್ಲಿ ಏನು ಕಾಣುತ್ತದೆ?

ಮತ್ತೆ ಎರಡು. ಮೊದಲಿಗಿಂತ ಮೆತ್ತಗೆ. ಕೆಳಗಿನಿಂದ, ಸೊಂಟದ ಎತ್ತರದಿಂದ.

"ಎಲ್ವಿರಾ!"

ಹತ್ತೊಂಬತ್ತು ವರ್ಷ ಆ ಕೊಟ್ಟಿಗೆಯಲ್ಲಿ ಯಾರೂ ಕೂಗಿರಲಿಲ್ಲ. ಹಸಿಂತೊನಿಗೆ ಅದು ತನ್ನ ದನಿ ಎಂದೇ ಗೊತ್ತಾಗಲಿಲ್ಲ. ಹಗ್ಗ ಎಳೆದು ಗೂಟಕ್ಕೆ ಸಿಕ್ಕಿಸಿ ಅರ್ಧ ಎದ್ದ ಬಾಗಿಲ ಕೆಳಗೆ ನುಗ್ಗಿದ, ಮತ್ತೆ ಮತ್ತೆ ಅವಳ ಹೆಸರು ಕೂಗಿದ. ಇಡೀ ಕೊಟ್ಟಿಗೆ ಎದ್ದಿತು. ಗೂಡುಗಳಲ್ಲಿ ಗಂಡುಗಳು ಹಾರಿ ಹಾರಿ ಬಿದ್ದವು. ಹಿಂದಿನ ಕೋಣೆಯಲ್ಲಿ ಮೂಟೆ ಎಸೆದ ಹಾಗೆ ಒಂದೇ ಸಮ ಧಡಧಡ ಶುರುವಾಯಿತು.

ಎಲ್ವಿರಾ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಸೆನೆಟರಿನ ಗೂಡಿಗೆ ಅಗುಳಿ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗಿನಿಂದ ಅದು ಬಾಗಿಲಿಗೆ ಅಪ್ಪಳಿಸುತ್ತಿತ್ತು.

ಅವನು ಮಂಡಿಯೂರಿ ಅವಳ ತೋಳು, ಕಾಲು, ತೊಡೆ ಎಲ್ಲ ತಡವಿ ನೋಡಿದ. ಅವಳು ತಡೆಯಲಿಲ್ಲ.

"ಎಷ್ಟು ಸಲ ಬಡಿದಿದ್ದ?" ಎಂದು ಕೇಳಿದಳು.

ಅವನ ಕೈ ಇನ್ನೂ ಅವಳ ಮೈಮೇಲೆ ಗಾಯ ಹುಡುಕುತ್ತಿತ್ತು.

"ಸುಲಿದು ಮೂಳೆ ಕಾಣ್ತಿತ್ತು ಅವನ ಗೆಣ್ಣು. ವರ್ಷ ಪೂರ್ತಿ ಕಾದಿದೀನಿ ನಾನು. ಎಷ್ಟು ಸಲ?"

"ಐದು," ಎಂದ ಹಸಿಂತೊ. "ಎರಡೆರಡು. ಐದು ಸಲ."

"ನೀನೇನು ಮಾಡ್ತಿದ್ದೆ?"

"ತಾಳಿದೆ. ಚೆನ್ನಾಗಿ ಕಲಿತಿದಾನೆ ಅಂದ್ಕೊಂಡು ತಾಳಿದೆ."

ಸೆನೆಟರಿನ ಗೂಡಿನಲ್ಲಿ ಏನೋ ಲಟಕ್ಕೆಂದಿತು. ಆಮೇಲೆ ಅಲ್ಲಿಂದ ಕಾಲು ಕೆರೆಯುವ ಸದ್ದಷ್ಟೇ ಬಂತು, ಕೊನೆಗೆ ಅದೂ ನಿಂತಿತು. ಇಬ್ಬರೂ ಆ ಕಡೆ ತಿರುಗಿ ನೋಡಲಿಲ್ಲ.

"ನನಗೆ ಎರಡನೇ ಸಲಕ್ಕೇ ಬಂದೆ," ಎಂದಳು ಎಲ್ವಿರಾ. "ಬರೋಕೆ ಆಗ್ತಿತ್ತು ನಿನಗೆ."

ಅವಳು ಗೋಡೆ ಹಿಡಿದು ಎದ್ದು, ಹಲಗೆಯನ್ನು ಅದರ ಮೊಳೆಗೆ ತಗುಲಿಹಾಕಿ, ಬಾಗಿಲ ಕೆಳಗೆ ಬಗ್ಗಿ ಹೊರಗೆ ನಡೆದಳು. ಹೊರಗಿನಿಂದ ಧಣಿ ಕುಂಟುತ್ತ ಓಡಿ ಬಂದವನು ಅವಳಿಗೆ ಡಿಕ್ಕಿ ಹೊಡೆದು, ಕತ್ತಲಲ್ಲಿ ತಡಕಾಡಿ ನಿಂತ.

"ಯಾರೋ ಅದು ಕೂಗಿದ್ದು? ಯಾರು ಕೂಗಿದ್ದು?"

"ನಾನು, ಧಣಿ," ಎಂದ ಹಸಿಂತೊ.

"ಯಾರು? ಜೋರಾಗಿ ಹೇಳು."

ಹಿಂದಿನ ಕೋಣೆಯಲ್ಲಿ ಹೆಣ್ಣುಗಳು ಇನ್ನೂ ಗೋಡೆಗೆ ಹಾರುತ್ತಿದ್ದವು. ಹಸಿಂತೊ ನೆಲದಲ್ಲಿ ಕೂತ ಕಡೆಯಿಂದಲೇ ಇನ್ನೊಂದು ಸಲ ಹೇಳಿದ.